ಕತ್ತಿನ ಮೂಳೆಯಲ್ಲಿ ಒಂದೇ ಕಡೆ ಎರಡು ತೂತು: ಇದು ಸಹಜವಾ?

ಬೋನ್‌ಸೆಟ್ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್ ಮೊದಲ ವರ್ಷ. ಸೀನಿಯರ್ ಒಬ್ಬರಿಂದ ಬೋನ್ ಸೆಟ್ ತಗೊಂಡಿದ್ದೇನೆ. ಕತ್ತಿನ ಮೂಳೆಗಳನ್ನು ಸಾಲಾಗಿ ಇಟ್ಟುಕೊಂಡು ಓದುವಾಗ ಆರನೆಯದು, ಅಂದರೆ ಸಿ6, ಬೇರೆ ಥರ ಕಾಣಿಸಿತು. ಬಲಗಡೆ ಚಾಚಿನಲ್ಲಿ, ಅಂದರೆ ಮೂಳೆ ಪಕ್ಕಕ್ಕೆ ಚಾಚಿಕೊಂಡ ಭಾಗದಲ್ಲಿ, ಒಂದು ತೂತು. ಎಡಗಡೆ ಎರಡು. ಮುಂದಿನದು ದೊಡ್ಡದು, ಹಿಂದಿನದು ಸಣ್ಣದು. ಮಧ್ಯೆ ತೆಳ್ಳಗೆ ಮೂಳೆಯ ಗೋಡೆ ಇದೆ. ಒಡೆದದ್ದಲ್ಲ, ಅಂಚು ನುಣ್ಣಗಿದೆ.

ಪುಸ್ತಕದಲ್ಲಿ ಈ ತೂತು ಪ್ರತಿ ಚಾಚಿಗೂ ಒಂದೇ, ಹೆಸರು ಫೋರಾಮೆನ್ ಟ್ರಾನ್ಸ್‌ವರ್ಸೇರಿಯಮ್ ಅಂತ ಇದೆ. ಸಿ6ರಿಂದ ಮೇಲಕ್ಕೆ ಅದರೊಳಗೆ ಮೆದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಆರ್ಟರಿ ಹೋಗುತ್ತದೆ. ಹಾಗಾದರೆ ಎರಡನೇ ತೂತಿನಲ್ಲಿ ಏನು ಹೋಗುತ್ತಿತ್ತು? ಇವರಿಗೆ ಏನಾದರೂ ಕಾಯಿಲೆ ಇತ್ತಾ? ದಯವಿಟ್ಟು ತಿಳಿದವರು ಹೇಳಿ.

ಅನಾಟಮಿ ಮೇಡಂ

ಒಳ್ಳೆಯ ಮೂಳೆ ನಿಮ್ಮ ಕೈಗೆ ಸಿಕ್ಕಿದೆ. ಜೋಪಾನ ಮಾಡಿ. ಕಾಯಿಲೆ ಅಲ್ಲ, ಇದೊಂದು ವ್ಯತ್ಯಾಸ ಅಷ್ಟೇ. ಡಬಲ್ ಫೋರಾಮೆನ್ ಅನ್ನುತ್ತೇವೆ. ಕೆಳಗಿನ ಮೂಳೆಗಳಲ್ಲೇ, ಅದರಲ್ಲೂ ಸಿ6ರಲ್ಲಿ, ಜಾಸ್ತಿ ಕಾಣುತ್ತದೆ. ಎರಡೂ ಕಡೆ ಇರುವುದಕ್ಕಿಂತ ಒಂದೇ ಕಡೆ ಇರುವುದು ಹೆಚ್ಚು. ಹೆಚ್ಚಿನ ಸಲ ಹಿಂದಿನದೇ ಸಣ್ಣದು. ನೀವು ಬರೆದದ್ದಕ್ಕೆ ಎಲ್ಲ ಸರಿಹೊಂದುತ್ತದೆ.

ಈ ತೂತು ಮೊದಲಿಗೆ ಹೇಗೆ ಆಗುತ್ತದೆ ಅಂತ ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಎದೆಯ ಭಾಗದಲ್ಲಿ ಬೆನ್ನುಮೂಳೆಯ ಚಾಚು ಬೇರೆ, ಪಕ್ಕೆಲುಬು ಬೇರೆ. ಎರಡರ ಮಧ್ಯೆ ಒಂದು ಸಂದು ಇರುತ್ತದೆ. ಕತ್ತಿನಲ್ಲೂ ಪಕ್ಕೆಲುಬಿನ ಸಣ್ಣ ಭಾಗ ಇದೆ, ಆದರೆ ಅದು ಪ್ರತ್ಯೇಕವಾಗಿ ಬೆಳೆಯದೆ ಚಾಚಿಗೇ ಅಂಟಿಕೊಂಡುಬಿಡುತ್ತದೆ. ಮುಂದಿನ ಕಡ್ಡಿ ಪಕ್ಕೆಲುಬಿನದು, ಹಿಂದಿನ ಕಡ್ಡಿ ನಿಜವಾದ ಚಾಚಿನದು. ಹೊರಗಡೆ ಒಂದು ಸೇತುವೆ ಎರಡನ್ನೂ ಕೂಡಿಸುತ್ತದೆ. ಮಧ್ಯೆ ಉಳಿದ ಸಂದೇ ನಮ್ಮ ಫೋರಾಮೆನ್.

ಈಗ ರಕ್ತನಾಳದ ಕಡೆ ಬನ್ನಿ. ಭ್ರೂಣಕ್ಕೆ ಐದಾರು ವಾರ ಆಗಿರುವಾಗ ಕತ್ತಿನ ಪ್ರತಿ ಹಂತಕ್ಕೂ ಮಹಾಧಮನಿಯಿಂದ ಒಂದೊಂದು ಸಣ್ಣ ನಾಳ ಬರುತ್ತಿರುತ್ತದೆ. ಅವು ಒಂದಕ್ಕೊಂದು ಉದ್ದಕ್ಕೆ ಕೂಡಿಕೊಳ್ಳುತ್ತವೆ. ಆಮೇಲೆ ಮೇಲಿನ ಆರು ನಾಳಗಳಿಗೆ ಮಹಾಧಮನಿಯ ಜೊತೆಗಿನ ನಂಟು ಕಡಿದುಹೋಗುತ್ತದೆ, ಏಳನೆಯದು ಮಾತ್ರ ಉಳಿಯುತ್ತದೆ. ಹೀಗೆ ತುಂಡು ತುಂಡು ಸೇರಿ ಆದ ಉದ್ದನೆಯ ನಾಳವೇ ವರ್ಟಿಬ್ರಲ್ ಆರ್ಟರಿ. ಮೂಳೆ ಗಟ್ಟಿಯಾಗುವುದು ಅದಕ್ಕೂ ಎಷ್ಟೋ ಆಮೇಲೆ. ಅಂದರೆ ನಾಳ ಮೊದಲು, ಅದನ್ನು ಸುತ್ತುವರಿದ ಮೂಳೆ ನಂತರ. ಮೂಳೆ ತೂತು ಮಾಡಿಟ್ಟು ನಾಳಕ್ಕಾಗಿ ಕಾದು ಕೂತಿರುವುದಿಲ್ಲ.

ಆದ್ದರಿಂದ ಒಂದು ಹಂತದಲ್ಲಿ ನಾಳ ಎರಡಾಗಿ ಉಳಿದರೆ ಮೂಳೆಯೂ ಎರಡು ದಾರಿ ಬಿಡಬಹುದು. ಹಾಗಂತ ಪ್ರತಿ ಎರಡನೇ ತೂತಿನಲ್ಲೂ ಇನ್ನೊಂದು ಆರ್ಟರಿ ಇತ್ತು ಅನ್ನಬೇಡಿ. ಆರ್ಟರಿಯ ಜೊತೆ ಸಿರೆಗಳ ಜಾಲ ಇರುತ್ತದೆ, ಸಿಂಪಥೆಟಿಕ್ ನರಗಳ ಜಾಲವೂ ಇರುತ್ತದೆ. ಹಿಂದಿನ ಸಣ್ಣ ತೂತಿನಲ್ಲಿ ಇವು ಹೋಗಿರುವ ಸಾಧ್ಯತೆಯೇ ಜಾಸ್ತಿ. ಒಣ ಮೂಳೆ ನೋಡಿ ಇದನ್ನು ಖಚಿತವಾಗಿ ಹೇಳಲಾಗುವುದಿಲ್ಲ.

ಬೋನ್‌ಸೆಟ್ ಹುಡುಗ

ತುಂಬಾ ಧನ್ಯವಾದ ಮೇಡಂ. ಹಾಗಾದರೆ ಸಿ7ರಲ್ಲೂ ತೂತು ಇದೆಯಲ್ಲ, ಆರ್ಟರಿ ಮಾತ್ರ ಯಾಕೆ ಸಿ6ರಿಂದ ಶುರು? ಮತ್ತೆ, ಈ ಡಬಲ್ ಎಷ್ಟು ಜನರಲ್ಲಿ ಇರುತ್ತದೆ?

ಅನಾಟಮಿ ಮೇಡಂ

ಸಿ7ರ ತೂತು ಸಾಮಾನ್ಯವಾಗಿ ಚಿಕ್ಕದು. ಅದರಲ್ಲಿ ಹೋಗುವುದು ಸಣ್ಣ ಸಿರೆ. ಆರ್ಟರಿ ತೋಳಿಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್‌ನಿಂದ ಹೊರಟು ಸಿ7ರ ಚಾಚಿನ ಮುಂದೆಯೇ ಹಾದು, ನೇರ ಸಿ6ರೊಳಗೆ ಹೋಗುತ್ತದೆ. ಕೆಲವರಲ್ಲಿ ಸಿ7ಕ್ಕೆ ಒಂದು ಕಡೆ ತೂತೇ ಇರುವುದಿಲ್ಲ. ಇನ್ನು ಕೆಲವರಲ್ಲಿ ಪಕ್ಕೆಲುಬಿನ ಭಾಗ ಅಂಟಿಕೊಳ್ಳದೆ ಸ್ವತಂತ್ರವಾಗಿ ಬೆಳೆದುಬಿಡುತ್ತದೆ. ಅದೇ ಸರ್ವೈಕಲ್ ರಿಬ್. ಸಿ7 ಎಂಬುದು ಕತ್ತು ಮತ್ತು ಎದೆಯ ಗಡಿಯಲ್ಲಿ ಕೂತಿದೆ. ಗಡಿಯಲ್ಲಿ ಇಂಥ ಏರುಪೇರು ಜಾಸ್ತಿ.

ಎಷ್ಟು ಜನರಲ್ಲಿ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. 1978ರಲ್ಲಿ ಪ್ರಕಟವಾದ ಹಳೆಯ ಅಧ್ಯಯನವೊಂದರಲ್ಲಿ 480 ಮೂಳೆ ನೋಡಿದ್ದರು. ನೂರಕ್ಕೆ ಸುಮಾರು 7ರಲ್ಲಿ ಡಬಲ್ ಇತ್ತು. ನಮ್ಮ ಮಂಗಳೂರಿನಲ್ಲೇ 363 ಮೂಳೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇವಲ 6 ಮೂಳೆಗಳಲ್ಲಿ ಸಿಕ್ಕಿತು, ಅಂದರೆ ನೂರಕ್ಕೆ ಎರಡೂ ಇಲ್ಲ. ಅದೇ ವರ್ಷ ಟರ್ಕಿಯಿಂದ ಬಂದ ವರದಿಯಲ್ಲಿ ಬೈಜಾಂಟೈನ್ ಕಾಲದ 22 ಮೂಳೆಗಳಲ್ಲಿ 5ರಲ್ಲಿ ಇತ್ತು. ಇಷ್ಟೊಂದು ಅಂತರ ಯಾಕೆ? 22 ಮೂಳೆ ಅಂದರೆ ತೀರಾ ಕಡಿಮೆ, ಒಂದೆರಡು ಹೆಚ್ಚು ಕಡಿಮೆಯಾದರೂ ಶೇಕಡಾವಾರು ಎಲ್ಲಿಗೋ ಹೋಗುತ್ತದೆ. ಒಬ್ಬರು ಸಿ1ರಿಂದ ಸಿ7ರವರೆಗೆ ಎಲ್ಲ ಸೇರಿಸಿ ಎಣಿಸುತ್ತಾರೆ, ಇನ್ನೊಬ್ಬರು ಬರೀ ಕೆಳಗಿನವು. ಅರ್ಧ ಬೆಳೆದ ಗೋಡೆಯನ್ನು ಕೆಲವರು ಲೆಕ್ಕಕ್ಕೆ ಹಿಡಿಯುತ್ತಾರೆ, ಕೆಲವರು ಇಲ್ಲ. ಜೊತೆಗೆ ಕಾಲೇಜಿನ ಮೂಳೆಗಳು ಯಾರವು, ಗಂಡೋ ಹೆಣ್ಣೋ, ಎಷ್ಟು ವಯಸ್ಸು, ಯಾವ ಊರು, ಒಂದೂ ಗೊತ್ತಿರುವುದಿಲ್ಲ. 1985ರಲ್ಲಿ ನಿಷೇಧ ಬರುವವರೆಗೆ ನಮ್ಮ ದೇಶದಿಂದ ಹೊರದೇಶಗಳ ಕಾಲೇಜುಗಳಿಗೆ ಮನುಷ್ಯರ ಮೂಳೆ ರಫ್ತಾಗುತ್ತಿತ್ತು. ಅವರು ಯಾರು ಅಂತ ಯಾರೂ ಬರೆದಿಡಲಿಲ್ಲ. ಇದು ನನಗೆ ಈಗಲೂ ಬೇಸರದ ವಿಷಯ. ನಿಮ್ಮ ಕೈಯಲ್ಲಿರುವ ಸಿ6 ಕೂಡ ಒಬ್ಬರ ಮೈಯದು.

ತುಂಗಾತೀರ

ನಾನು ವೈದ್ಯಕೀಯದವನಲ್ಲ. ಹುಡುಕುತ್ತಾ ಇಲ್ಲಿಗೆ ಬಂದೆ. ನಮ್ಮ ತಂದೆಗೆ 66 ವರ್ಷ. ತಲೆಸುತ್ತು ಅಂತ ಕತ್ತಿನ ಸಿಟಿ ಮಾಡಿಸಿದೆವು. ವರದಿಯಲ್ಲಿ ಸಿ5ರಲ್ಲಿ ಎಡಗಡೆ ಡಬಲ್ ಫೋರಾಮೆನ್, ಸಿ1ರಲ್ಲಿ ಆರ್ಕ್ಯುಯೇಟ್ ಫೋರಾಮೆನ್ ಅಂತ ಬರೆದಿದ್ದಾರೆ. ಅದನ್ನು ಓದಿ ಅಪ್ಪ ಪೂರ್ತಿ ಹೆದರಿದ್ದಾರೆ. ಮೆದುಳಿಗೆ ರಕ್ತ ಹೋಗುವ ದಾರಿಯೇ ಕಟ್ಟಿದೆ ಅಂತ ಪಕ್ಕದ ಮನೆಯವರೊಬ್ಬರು ಬೇರೆ ಹೇಳಿಬಿಟ್ಟಿದ್ದಾರೆ. ಇದರಿಂದಲೇ ತಲೆಸುತ್ತಾ?

ಫಿಲ್ಮ್ ನೋಡುವವ

ತುಂಗಾತೀರ ಅವರೇ, ನಾನು ರೇಡಿಯಾಲಜಿಯಲ್ಲಿ ಇದ್ದೇನೆ. ಮೊದಲು ತಂದೆಯವರಿಗೆ ಸ್ವಲ್ಪ ಧೈರ್ಯ ಹೇಳಿ. ಈ ಎರಡೂ ಹುಟ್ಟಿನಿಂದ ಇರಬಹುದಾದ ವ್ಯತ್ಯಾಸಗಳು. ಕಂಡದ್ದನ್ನು ಬರೆಯುವುದು ನಮ್ಮ ಕೆಲಸ. ಬರೆದದ್ದೆಲ್ಲ ರೋಗವಲ್ಲ. ಬರೀ ಮೂಳೆಯ ಸಿಟಿಯಿಂದ ರಕ್ತದ ದಾರಿ ಕಟ್ಟಿದೆ ಅಂತ ಹೇಳಲೂ ಬರುವುದಿಲ್ಲ. ಅದಕ್ಕೆ ರಕ್ತನಾಳವನ್ನೇ ತೋರಿಸುವ ಆಂಜಿಯೋ ಅಥವಾ ಡಾಪ್ಲರ್ ಬೇಕು.

ಒಂದು ಪ್ರಶ್ನೆ. ತಲೆಸುತ್ತು ಯಾವಾಗ ಬರುತ್ತದೆ? ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೇಲಕ್ಕೆ ನೋಡುವಾಗ ಕೆಲವೇ ಸೆಕೆಂಡು ಕೋಣೆಯೇ ತಿರುಗಿದಂತೆ ಆಗುತ್ತದೆಯಾ?

ತುಂಗಾತೀರ

ಹೌದು ಸರ್, ಸರಿಯಾಗಿ ಹಾಗೇ. ಬೆಳಿಗ್ಗೆ ಏಳುವಾಗ ಜಾಸ್ತಿ. ಕೈಕಾಲಿಗೆ, ಮಾತಿಗೆ ಏನೂ ತೊಂದರೆ ಇಲ್ಲ.

ಫಿಲ್ಮ್ ನೋಡುವವ

ಹಾಗಾದರೆ ಒಮ್ಮೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಒಳಕಿವಿಯಲ್ಲಿ ಇರುವ ಸಣ್ಣ ಸುಣ್ಣದ ಹರಳು ಜಾಗ ತಪ್ಪಿದರೆ ಇದೇ ಥರ ಆಗುತ್ತದೆ. ತಲೆಸುತ್ತಿಗೆ ತುಂಬಾ ಸಾಮಾನ್ಯ ಕಾರಣ ಅದು. ಮಂಚದ ಮೇಲೆ ಮಲಗಿಸಿ ತಲೆ ತಿರುಗಿಸಿ ಪರೀಕ್ಷೆ ಮಾಡುತ್ತಾರೆ, ಹರಳನ್ನು ಜಾಗಕ್ಕೆ ತರಲು ಎಪ್ಲಿ ಅಂತ ಒಂದು ವಿಧಾನವಿದೆ. ಹೋಗುವಾಗ ಸಿಟಿ ವರದಿಯನ್ನೂ ತೋರಿಸಿ, ತಲೆಯನ್ನು ಎಷ್ಟು ಹಿಂದಕ್ಕೆ ಬಾಗಿಸಬಹುದು ಅಂತ ಅವರೇ ನಿರ್ಧರಿಸುತ್ತಾರೆ. ಇಲ್ಲಿಂದ ನಾನು ರೋಗ ಹೇಳುತ್ತಿಲ್ಲ, ಯಾವ ಬಾಗಿಲು ತಟ್ಟಬೇಕು ಅಂತ ಹೇಳುತ್ತಿದ್ದೇನೆ.

ಈಗ ಹುಡುಗನ ಪ್ರಶ್ನೆಗೆ ನನ್ನ ಕಡೆಯಿಂದ ಒಂದು ಮಾತು. ನೀವು ಬರೀ ಎರಡು ತೂತಿನ ಹಿಂದೆ ಬೀಳಬೇಡಿ, ಗಾತ್ರ ನೋಡಿ. ಮಧ್ಯದ ಮೂಳೆಗಳಲ್ಲಿ ತೂತಿನ ಅಗಲ ಸುಮಾರು 5ರಿಂದ 7 ಮಿಲಿಮೀಟರ್. ಒಳಗಿನ ಆರ್ಟರಿ 3ರಿಂದ 5. ಉಳಿದ ಜಾಗದಲ್ಲಿ ಸಿರೆ, ನರ. ಎಡ ಬಲ ಎರಡೂ ಒಂದೇ ಸಮ ಇರುವುದು ಕಡಿಮೆ. ಎಡ ಆರ್ಟರಿ ದೊಡ್ಡದಿರುವವರೇ ಹೆಚ್ಚು. ಒಂದು ಕಡೆ ತೂತು ತೀರಾ ಸಣ್ಣದಿದ್ದರೆ ಆ ಕಡೆ ಆರ್ಟರಿ ಹುಟ್ಟಿನಿಂದಲೇ ಸಣಕಲು ಇರಬಹುದು ಅಂತ ಊಹಿಸುತ್ತೇವೆ. ಅದಕ್ಕೂ ಹೆದರಬೇಕಿಲ್ಲ, ಯಾಕೆಂದರೆ ಎರಡೂ ಮೇಲೆ ಹೋಗಿ ಸೇರಿ ಬೇಸಿಲರ್ ಎಂಬ ಒಂದೇ ನಾಳ ಆಗುತ್ತವೆ. ಒಂದು ಸಣ್ಣದಾದರೆ ಇನ್ನೊಂದು ಹೊರೆ ಹೊರುತ್ತದೆ.

ತೂತು ಇದ್ದಕ್ಕಿದ್ದಂತೆ ತುಂಬಾ ಅಗಲ ಕಂಡರೆ ಮಾತ್ರ ನಿಂತು ನೋಡುತ್ತೇನೆ. ವಯಸ್ಸಾದವರಲ್ಲಿ, ರಕ್ತದೊತ್ತಡ ಇರುವವರಲ್ಲಿ ಆರ್ಟರಿ ಡೊಂಕಾಗಿ ಸುತ್ತಿಕೊಂಡು ಮೂಳೆಯನ್ನು ಕೊರೆಯಬಹುದು. ನರದ ಹೊದಿಕೆಯ ಗಡ್ಡೆಯೂ ಅಪರೂಪಕ್ಕೆ ಹೀಗೆ ಮಾಡುತ್ತದೆ. ಆಗ ಎಂಆರ್‌ಐ ಬೇಕೇ ಬೇಕು. ಇನ್ನೊಂದು ಸಂದರ್ಭ ಅಪಘಾತದ್ದು. ಕೆಲವರಿಗೆ ಸಿ1ರ ತೂತಿಗೆ ಮುಂದಿನ ಕಡ್ಡಿಯೇ ಪೂರ್ತಿ ಬೆಳೆದಿರುವುದಿಲ್ಲ, ತೂತು ತೆರೆದೇ ಇರುತ್ತದೆ. ಬೈಕಿನಿಂದ ಬಿದ್ದು ಬಂದವರ ಸಿಟಿಯಲ್ಲಿ ಅದನ್ನು ಕಂಡರೆ ಮುರಿತ ಅನ್ನಿಸಬಹುದು. ಅಂಚು ನುಣ್ಣಗೆ, ದುಂಡಗೆ, ಮೇಲೆ ಗಟ್ಟಿ ಬಿಳಿ ಗೆರೆ ಇದ್ದರೆ ಹುಟ್ಟಿನದು. ಚೂಪಾಗಿ ಸೀಳಿದ ಹಾಗಿದ್ದರೆ ಮುರಿತ. ಮುರಿತ ತೂತಿನೊಳಗೇ ಹಾದಿದ್ದರೆ ಆರ್ಟರಿಗೂ ಪೆಟ್ಟಾಗಿದೆಯಾ ಅಂತ ಆಂಜಿಯೋ ಮಾಡಿ ನೋಡಲೇಬೇಕು.

ಸ್ಪೈನ್ ಪಿಜಿ

ರೋಗ ಅಲ್ಲ, ಹೆದರಬೇಡಿ ಅಂತ ಎಲ್ಲರೂ ಹೇಳಿದ್ದು ಸರಿ. ಆದರೆ ಮಾತು ಅಲ್ಲಿಗೆ ನಿಲ್ಲಬಾರದು. ರೋಗಿಗೆ ಏನೂ ಅಲ್ಲದ ಈ ವ್ಯತ್ಯಾಸ, ಆಪರೇಷನ್ ಟೇಬಲ್ ಮೇಲೆ ಪ್ರಾಣದ ವಿಷಯ ಆಗುತ್ತದೆ.

ಆರ್ಕ್ಯುಯೇಟ್ ಫೋರಾಮೆನ್ ತಗೊಳ್ಳಿ. ಆರ್ಟರಿ ಸಿ6ರಿಂದ ಸಿ2ರವರೆಗೆ ಮಣಿಸರದ ದಾರದ ಹಾಗೆ ಹೋಗುತ್ತದೆ. ಆಮೇಲೆ ಸಿ1ರ ಚಾಚು ಅಗಲವಾಗಿರುವುದರಿಂದ ಹೊರಕ್ಕೆ ವಾಲುತ್ತದೆ. ಸಿ1 ದಾಟಿದ ಮೇಲೆ ಹಿಂದಕ್ಕೆ ಬಾಗಿ, ಹಿಂದಿನ ಕಮಾನಿನ ಮೇಲಿರುವ ತೋಡಿನಲ್ಲಿ ಮಲಗಿ, ನಂತರ ತಲೆಬುರುಡೆಯೊಳಗೆ ಹೋಗುತ್ತದೆ. ಇಷ್ಟು ಸುತ್ತು ಸುಮ್ನೆ ಇಲ್ಲ. ನಾವು ತಲೆ ತಿರುಗಿಸುವಾಗ ಅರ್ಧದಷ್ಟು ತಿರುಗುವುದು ಸಿ1 ಮತ್ತು ಸಿ2ರ ನಡುವೆಯೇ. ನಾಳಕ್ಕೆ ಅಲ್ಲಿ ಸಡಿಲ ಬೇಕು. ಕೆಲವರಲ್ಲಿ ಆ ತೋಡಿನ ಮೇಲೆ ಮೂಳೆಯ ಸೇತುವೆ ಕಟ್ಟಿಕೊಂಡು ತೋಡು ತೂತಾಗುತ್ತದೆ, ಅದೇ ಆರ್ಕ್ಯುಯೇಟ್ ಫೋರಾಮೆನ್. ಪೂರ್ತಿ ಸೇತುವೆ ನೂರಕ್ಕೆ ಸುಮಾರು 9 ಜನರಲ್ಲಿ ಇರುತ್ತದೆ. ಅರ್ಧ ಸೇತುವೆ ಇನ್ನೂ ಜಾಸ್ತಿ. ಅಂದರೆ ಅಪರೂಪವೇನಲ್ಲ.

ಸಿ1, ಸಿ2 ಅಲುಗಾಡುವ ರೋಗಿಗಳಿಗೆ ಸಿ1ರ ಪಕ್ಕದ ದಪ್ಪ ಭಾಗಕ್ಕೆ ಸ್ಕ್ರೂ ಹಾಕಿ ಬಿಗಿಯುತ್ತೇವೆ. ಮುಂಬೈನ ಕೆಇಎಂ ಆಸ್ಪತ್ರೆಯ ಅತುಲ್ ಗೋಯಲ್ ಈ ವಿಧಾನವನ್ನು 1994ರಲ್ಲಿ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದನ್ನು ಬೇರೆ ಬಗೆಯ ಸ್ಕ್ರೂ, ರಾಡ್‌ಗಳಲ್ಲಿ ಮಾಡಿ ತೋರಿಸಿದರು. ಈಗ ಜಗತ್ತಿನಾದ್ಯಂತ ಮಾಡುತ್ತಾರೆ. ಕೆಲವು ಶಸ್ತ್ರವೈದ್ಯರು ಸ್ಕ್ರೂವನ್ನು ಹಿಂದಿನ ಕಮಾನಿನ ಮೂಲಕವೇ ಹಾಕುತ್ತಾರೆ. ಕಮಾನು ದಪ್ಪಗಿದ್ದರೆ ಕೆಲಸ ಸಲೀಸು. ಅಪಾಯ ಇರುವುದು ಇಲ್ಲೇ. ಮೇಲೆ ಸೇತುವೆ ಇದ್ದವರಲ್ಲಿ ಕಮಾನು ದಪ್ಪಗಿದೆ ಅಂತಲೇ ಕಾಣುತ್ತದೆ. ಅದನ್ನು ನಂಬಿ ಡ್ರಿಲ್ ಮಾಡಿದರೆ ನೇರ ಆರ್ಟರಿಗೆ. 2005ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಇದನ್ನೇ ಬರೆದು ಎಚ್ಚರಿಸಿದರು.

ಆರ್ಟರಿ ಹರಿದರೆ ಆ ತೂತಿಗೆ ಸ್ಕ್ರೂ ಬಿಗಿದೋ, ಮೇಣ ಒತ್ತಿಯೋ ರಕ್ತ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ಕಡೆ ಅದೇ ಅಪಾಯಕ್ಕೆ ಕೈ ಹಾಕುವ ಹಾಗಿಲ್ಲ. ಎರಡೂ ಆರ್ಟರಿ ಹೋದರೆ ಉಳಿಸುವುದು ತುಂಬಾ ಕಷ್ಟ.

ಮುಂದಿನಿಂದ ಮಾಡುವ ಡಿಸ್ಕ್ ಆಪರೇಷನ್‌ನಲ್ಲೂ ಇದೇ ಕಥೆ. ನೂರಕ್ಕೆ 90ಕ್ಕಿಂತ ಜಾಸ್ತಿ ಜನರಲ್ಲಿ ಆರ್ಟರಿ ಸಿ6ರಲ್ಲೇ ಒಳಗೆ ಹೋಗುತ್ತದೆ. ಉಳಿದವರಲ್ಲಿ ಸಿ5, ಸಿ4 ಅಥವಾ ಸಿ7. ಎಡ ಆರ್ಟರಿ ಸಬ್‌ಕ್ಲೇವಿಯನ್ ಬಿಟ್ಟು ನೇರ ಮಹಾಧಮನಿಯ ಕಮಾನಿನಿಂದಲೇ ಹೊರಟವರಲ್ಲಿ ಸಿ5ರಲ್ಲಿ ಒಳಹೋಗುವುದು ಹೆಚ್ಚು. ಅಂಥವರಿಗೆ ಸಿ6ರ ಮುಂದೆ ಆರ್ಟರಿ ಯಾವ ಮೂಳೆಯ ರಕ್ಷಣೆಯೂ ಇಲ್ಲದೆ ಬರೀ ಸ್ನಾಯುವಿನ ಮೇಲೆ ಇರುತ್ತದೆ. ಸಿಟಿಯಲ್ಲಿ ಸಿ6ರ ತೂತು ಆ ಕಡೆ ಮಾತ್ರ ಸಣ್ಣಗೆ ಕಂಡರೆ ನಮಗೆ ಅದೇ ಸುಳಿವು. ನಾಳ ಎಲ್ಲಿದೆ ಅಂತ ಮೂಳೆ ಹೇಳುತ್ತದೆ. ಕತ್ತರಿಸುವ ಮೊದಲು ಪ್ರತಿ ಹಂತದಲ್ಲೂ, ಎರಡೂ ಕಡೆ, ನಮ್ಮ ಕಣ್ಣಿನಿಂದಲೇ ನೋಡಬೇಕು. ಇದರಲ್ಲಿ ರಾಜಿ ಇಲ್ಲ.

ಗುಡ್ಡದ ಮನೆ

ಓದುತ್ತಾ ಒಂದು ಸಂಶಯ ಬಂತು. ನಮ್ಮ ಕಡೆ ಹೆಂಗಸರು ಹುಲ್ಲು, ಸೊಪ್ಪು, ಸೌದೆ ಎಲ್ಲ ತಲೆಹೊರೆಯಲ್ಲೇ ತರುತ್ತಿದ್ದರು. ನಮ್ಮಮ್ಮ ನಲವತ್ತು ವರ್ಷ ಹೊತ್ತವರು. ಸಿ1ರ ಮೇಲಿನ ಈ ಸೇತುವೆ ಅಂಥ ಭಾರದಿಂದ ಬೆಳೆಯುತ್ತದಾ?

ಅನಾಟಮಿ ಮೇಡಂ

ಈ ಪ್ರಶ್ನೆಯನ್ನು ದೊಡ್ಡ ಸಂಶೋಧಕರೇ ಕೇಳಿದ್ದಾರೆ. 1986ರಲ್ಲಿ 672 ಅಟ್ಲಾಸ್, ಅಂದರೆ ಸಿ1, ಮೂಳೆಗಳನ್ನು ನೋಡಿದವರು, ತಲೆಯ ಮೇಲೆ ಭಾರ ಹೊರುವುದೂ ಒಂದು ಕಾರಣ ಇರಬಹುದು ಅಂತ ಬರೆದರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಯಾಕೆಂದರೆ ಭಾರವೇ ಹೊರದ ಮಕ್ಕಳಲ್ಲೂ ಈ ಸೇತುವೆ ಸಿಕ್ಕಿದೆ. ಒಂದೇ ಮನೆತನದಲ್ಲಿ ಹಲವರಿಗೆ ಇರುವುದನ್ನೂ ನೋಡಿದ್ದಾರೆ. ಮಂಗಗಳಲ್ಲಿ ಮತ್ತು ಎಷ್ಟೋ ಬೇರೆ ಪ್ರಾಣಿಗಳಲ್ಲಿ ಇದು ಮಾಮೂಲು. ಹಾಗಾಗಿ ಮೂಲ ವಂಶದಲ್ಲಿದೆ ಅಂತ ನಾನು ತಿಳಿಯುತ್ತೇನೆ. ಭಾರ, ವಯಸ್ಸು ಅರ್ಧ ಇದ್ದದ್ದನ್ನು ಇನ್ನಷ್ಟು ಗಟ್ಟಿ ಮಾಡಬಹುದು. ತಲೆಹೊರೆಯಿಂದ ಡಿಸ್ಕ್ ಸವೆಯುವುದು, ಕತ್ತು ನೋವು ಬರುವುದು ಬೇರೆ ವಿಷಯ. ಅದಕ್ಕೆ ಅಮ್ಮನನ್ನು ಖಂಡಿತ ತೋರಿಸಿ.

ಪಳೆಯುಳಿಕೆ ಪ್ರಿಯ

ವಂಶದ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ಸ್ಪೇನ್‌ನ ಎಲ್ ಸಿಡ್ರೋನ್ ಗುಹೆಯ ನಿಯಾಂಡರ್ತಾಲ್ (ಅಳಿದುಹೋದ ಪ್ರಾಚೀನ ಮಾನವರು) ಅಟ್ಲಾಸ್‌ಗಳಲ್ಲಿ ಹುಟ್ಟು ಸೀಳುಗಳು ಸಿಕ್ಕಿವೆ. ಕ್ರೊಯೇಷಿಯಾದ ಕ್ರಾಪಿನಾದಲ್ಲಿ ಸಿಕ್ಕ ಅಟ್ಲಾಸ್‌ಗಳಲ್ಲೂ ಮುಚ್ಚದೇ ಉಳಿದ ತೂತು ಮುಂತಾದ ವ್ಯತ್ಯಾಸಗಳು ಜಾಸ್ತಿ. ಸಣ್ಣ ಗುಂಪು, ಹತ್ತಿರದವರೊಳಗೇ ಸಂಬಂಧ, ಹಾಗಾಗಿ ಇಂಥವು ಹೆಚ್ಚಾಗಿ ಕಾಣುತ್ತವೆ ಅಂತ ಅಧ್ಯಯನ ಮಾಡಿದವರ ವಾದ. ಸಾವಿರಾರು ವರ್ಷದ ಹಿಂದಿನ ಒಂದು ಗುಂಪಿನ ಸಂಖ್ಯೆ ಕುಗ್ಗುತ್ತಿತ್ತು ಅನ್ನುವುದಕ್ಕೆ ಒಂದು ಮೂಳೆಯ ಅಂಚು ಸಾಕ್ಷಿಯಾಗಬಹುದು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. 2014ರಲ್ಲಿ ಉತ್ತರ ಸಮುದ್ರದಲ್ಲಿ ಸಿಕ್ಕ ಮ್ಯಾಮತ್‌ಗಳ ಬಗ್ಗೆಯೂ ಇದೇ ಥರ ವಾದ ಬಂತು. ಅಲ್ಲಿ ಲೆಕ್ಕ ಹಾಕಿದ್ದು ಸರ್ವೈಕಲ್ ರಿಬ್.

ಊರಿನ ಹುಡುಗ

ಕಟಿಂಗ್ ಮಾಡಿಸಿದ ಮೇಲೆ ಕತ್ತನ್ನು ಎರಡೂ ಕಡೆ ಲಟಕ್ ಅನ್ನಿಸುತ್ತಾರಲ್ಲ, ನನಗೆ ಅದು ತುಂಬಾ ಹಿತ. ಇದನ್ನೆಲ್ಲ ಓದಿ ಭಯ ಆಗ್ತಿದೆ. ಬಿಡಬೇಕಾ?

ಫಿಸಿಯೋ ಹುಬ್ಬಳ್ಳಿ

ಬಿಡಿ ಅಣ್ಣಾ. ತೂತು ಎರಡಿರಲಿ ಒಂದಿರಲಿ, ಬೇರೆಯವರು ಝಟ್ ಅಂತ ಕತ್ತು ತಿರುಗಿಸುವುದು ಬೇಡ. ಮೇಲೆ ಪಿಜಿ ಹೇಳಿದ ಸಿ1, ಸಿ2 ನಡುವಿನ ಜಾಗದಲ್ಲೇ ಆರ್ಟರಿ ಎಳೆಯಲ್ಪಡುತ್ತದೆ. ಒಳಪದರ ಸೀಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ಅಪರೂಪ, ಆದರೆ ಇಪ್ಪತ್ತು ಮೂವತ್ತರ ವಯಸ್ಸಿನವರಿಗೂ ಆಗುತ್ತದೆ. ತಲೆ ಒಂದು ಕಡೆ ಪೂರ್ತಿ ತಿರುಗಿಸಿದಾಗ ಆರ್ಟರಿ ಒತ್ತಿ ರಕ್ತ ಕಡಿಮೆಯಾಗುವುದಕ್ಕೆ 1978ರಲ್ಲಿ ಬಿಲ್ಲುಗಾರನ ಸ್ಟ್ರೋಕ್ ಅಂತಲೇ ಹೆಸರಿಟ್ಟರು, ಬಿಲ್ಲು ಅಭ್ಯಾಸ ಮಾಡುತ್ತಿದ್ದವರೊಬ್ಬರಿಗೆ ಆದ ಮೇಲೆ.

ಕತ್ತು ತಿರುಗಿಸಿಕೊಂಡ ಮೇಲೆ ಹಿಂದೆಂದೂ ಇಲ್ಲದಂಥ ನೋವು ಕತ್ತಿನ ಹಿಂದೆ ಬಂದರೆ, ಎರಡೆರಡು ಕಂಡರೆ, ನಾಲಿಗೆ ತೊದಲಿದರೆ, ನುಂಗಲು ಆಗದಿದ್ದರೆ, ನಡೆಯುವಾಗ ಒಂದು ಕಡೆ ವಾಲಿದರೆ ಮಲಗಿ ನೋಡೋಣ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಹತ್ತಿರ ಬರುವವರಿಗೂ ನಾನು ಮೊದಲು ಈ ಪ್ರಶ್ನೆಗಳನ್ನೇ ಕೇಳುತ್ತೇನೆ, ಆಮೇಲೆ ಕತ್ತಿಗೆ ಕೈ ಹಚ್ಚುತ್ತೇನೆ.

ತುಂಗಾತೀರ

ಅಪ್ಪನನ್ನು ಇಎನ್‌ಟಿಗೆ ತೋರಿಸಿದೆವು. ಕಿವಿಯದೇ ತೊಂದರೆ ಅಂದರು. ಮಲಗಿಸಿ ತಲೆ ತಿರುಗಿಸಿ ಚಿಕಿತ್ಸೆ ಮಾಡಿದರು, ಈಗ ಬಹಳ ಕಡಿಮೆಯಾಗಿದೆ. ಆರ್ಕ್ಯುಯೇಟ್ ಇರುವುದನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಬೇಕಾ?

ಸ್ಪೈನ್ ಪಿಜಿ

ಸಿಟಿಯ ಸಿಡಿ ಮತ್ತು ವರದಿ ಎರಡನ್ನೂ ಎಸೆಯಬೇಡಿ, ಅಷ್ಟು ಸಾಕು. ಮುಂದೆ ಯಾವತ್ತಾದರೂ ಕತ್ತಿನ ಆಪರೇಷನ್ ಮಾತು ಬಂದರೆ ಮೊದಲು ಅದನ್ನು ತೋರಿಸಿ. ದಿನನಿತ್ಯದ ಕೆಲಸಕ್ಕೆ ಯಾವ ಕಟ್ಟುಪಾಡೂ ಬೇಡ.

ಬೋನ್‌ಸೆಟ್ ಹುಡುಗ

ಮೇಡಂ, ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಕತ್ತಿನ ಮೂಳೆಗಳು ಒಂದು ಟ್ರಂಕ್ ತುಂಬಾ ಇವೆ. ಸರ್ ಅವನ್ನೆಲ್ಲ ನೋಡಲು ಒಪ್ಪಿಗೆ ಕೊಟ್ಟಿದ್ದಾರೆ. ನಾವು ನಾಲ್ಕು ಜನ ಸೇರಿ ಮಾಡೋಣ ಅಂತಿದ್ದೇವೆ. ಏನೇನು ಬರೆದುಕೊಳ್ಳಬೇಕು?

ಅನಾಟಮಿ ಮೇಡಂ

ತುಂಬಾ ಖುಷಿಯಾಯಿತು. ಶುರುಮಾಡುವ ಮೊದಲು ಕಾಲೇಜಿನ ಎಥಿಕ್ಸ್ ಕಮಿಟಿಗೆ ಒಂದು ಅರ್ಜಿ ಕೊಡಿ. ಆಮೇಲೆ ಸಿ1, ಸಿ2, ಸಿ7 ಬೇರೆ ಮಾಡಿ, ಅವು ಗುರುತು ಹಿಡಿಯಲು ಸುಲಭ. ಸಿ6ಕ್ಕೆ ಚಾಚಿನ ಮುಂದಿನ ಗಂಟು ದಪ್ಪಗಿರುತ್ತದೆ, ಅದನ್ನು ನೋಡಿ ಗುರುತಿಸಿ. ಸಿ3, ಸಿ4, ಸಿ5 ಬಿಡಿಬಿಡಿಯಾಗಿ ಸಿಕ್ಕರೆ ಬಲವಂತವಾಗಿ ಹೆಸರಿಡಬೇಡಿ, ಒಟ್ಟಿಗೆ ಬರೆಯಿರಿ. ಪ್ರತಿ ಮೂಳೆಗೂ ನಂಬರ್ ಕೊಡಿ. ಎಡ, ಬಲ ಬೇರೆ ಬೇರೆ ಕಾಲಂ. ತೂತಿನ ಅಡ್ಡಗಲ, ಮುಂದಿನಿಂದ ಹಿಂದಕ್ಕೆ ಇರುವ ಅಳತೆ, ಎರಡನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ತೆಗೆಯಿರಿ. ಇಬ್ಬರು ಬೇರೆ ಬೇರೆಯಾಗಿ ಅಳೆಯಿರಿ, ಒಬ್ಬರದು ಇನ್ನೊಬ್ಬರು ನೋಡಬಾರದು.

ಎರಡನೇ ತೂತು ಕಂಡರೆ ಪ್ಲಾಸ್ಟಿಕ್ ಬ್ರಷ್ಷಿನ ಎಳೆಯೊಂದನ್ನು ಮೇಲಿನಿಂದ ಹಾಕಿ ಕೆಳಗೆ ಬರುತ್ತದಾ ನೋಡಿ. ತಂತಿ ಬೇಡ, ಅಂಚು ಕೆರೆಯುತ್ತದೆ. ಆರಪಾರ ಬಂದರೆ ಮಾತ್ರ ಡಬಲ್. ಗೋಡೆ ಅರ್ಧಕ್ಕೆ ನಿಂತಿದ್ದರೆ ಅಪೂರ್ಣ ಅಂತ ಬೇರೆ ಕಾಲಂನಲ್ಲಿ ಬರೆಯಿರಿ. ಎರಡನ್ನೂ ಸೇರಿಸಿ ಎಣಿಸಬೇಡಿ. ಅಂಚು ಒಡೆದ ಮೂಳೆಯನ್ನು ಲೆಕ್ಕದಿಂದ ಬಿಡಿ, ಆದರೆ ಎಷ್ಟು ಬಿಟ್ಟಿರಿ ಅಂತ ಬರೆಯಿರಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ. ಒಂದೂ ಡಬಲ್ ಸಿಗದಿದ್ದರೂ ಅದೂ ಒಂದು ಫಲಿತಾಂಶವೇ, ಹಾಗೇ ಬರೆಯಿರಿ. ಮೊದಲ ಟೇಬಲ್ ತಯಾರಾದ ಮೇಲೆ ಇಲ್ಲೇ ಹಾಕಿ, ಕೂತು ನೋಡೋಣ.